ಗಡಿಯಾಚೆಯ ಮಾತ್ರೆ

ಜ್ವರವನ್ನು ಊರಾಚೆ ಕಳಿಸಿದ ಮೂರನೆಯ ದಿನ ಉಷಾರಾಣಿಗೆ ಗೊತ್ತಾಯಿತು, ಮಾತ್ರೆಗಳೂ ಅದರ ಜೊತೆಗೇ ಹೋಗಿವೆ ಎಂದು.

ಕುಶಾಲನಗರದ ಆಚೆ, ಹಾರಂಗಿ ನಾಲೆಯ ಬದಿಯ ಊರು ಅವರದು. ಹಾಸನದ ಕಡೆಯಿಂದ ಬಂದು ಗದ್ದೆ ಮಾಡಿದ ಹಿರಿಯರು ತಮ್ಮ ಪದ್ಧತಿಗಳನ್ನೂ ಹೊತ್ತು ತಂದಿದ್ದರು. ನಾಟಿ ಕಾಲದಲ್ಲಿ ಕೆಸರಿಗಿಳಿದ ಮಾವ ಪುಟ್ಟರಾಜು ಜ್ವರ ಹತ್ತಿಸಿಕೊಂಡು, ಎರಡು ವಾರ ಮಡಿಕೇರಿಯ ಆಸ್ಪತ್ರೆಯಲ್ಲಿ ಮಲಗಿ, ಹೋದ ಜೀವ ಬಂತು ಅನ್ನುವ ಹಾಗೆ ಮನೆಗೆ ಬಂದಿದ್ದರು. ಅತ್ತೆ ಕಾಳಮ್ಮ ಅವರ ತಲೆಗೆ ನೀರು ಹಾಕಿ, ಮೊರದಲ್ಲಿ ಮೊಸರನ್ನ, ಬೇವಿನ ಸೊಪ್ಪು, ಅವರು ಹೊದ್ದ ಟವಲು ಇಟ್ಟು ಗಡಿಕಲ್ಲಿನಾಚೆ ಬಿಟ್ಟು ಬಂದರು. ಜ್ವರವಾಗಿ ಬಂದ ದೇವಿ ಅಮ್ಮನನ್ನು ಕಳಿಸಿಕೊಟ್ಟ ಮೇಲೆ ಕಾಯಿಲೆಗೆ ಸೇರಿದ್ದು ಯಾವುದೂ ಮನೆಯೊಳಗೆ ಉಳಿಯಬಾರದು. ಹಾಗಾಗಿ ಇನ್ನು ಮೂರು ತಿಂಗಳು ನುಂಗಬೇಕಿದ್ದ ಮಾತ್ರೆಯೂ ಮೊರ ಸೇರಿತ್ತು.

ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಉಷಾಗೆ ಕೆಲಸ. ಮಾರನೇ ದಿನ ಬೇರೆ ಮಾತ್ರೆ ತಂದಳು.

“ಬ್ಯಾಡ ಮಗ,” ಅಂದರು ಪುಟ್ಟರಾಜು. “ಕಳಿಸ್ಕೊಟ್ಟ ಮ್ಯಾಲೆ ಮದ್ದು ತಿಂದ್ರೆ ಬಾ ಅಂತ ಕರ್ದಂಗೆ. ಜ್ವರ ಎಲ್ಲೈತೆ? ಮುಟ್ಟಿ ನೋಡು.”

ಹಣೆ ತಣ್ಣಗಿತ್ತು. ಆ ತಂಪನ್ನು ಅವಳು ನಂಬಲಿಲ್ಲ. ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು ಮಾವನ ರಕ್ತ ಹಾಕಿಟ್ಟಿದ್ದ ಲ್ಯಾಬಿನ ತಟ್ಟೆ ಮೊದಲೆರಡು ದಿನ ಹೀಗೇ ಏನೂ ಇಲ್ಲದಂತೆ ಇತ್ತು. ಮೂರನೆಯ ದಿನ ಬಾಡಿದ ಹೂವಿನ ಹಾಗೆ ಸುಕ್ಕುಸುಕ್ಕಾದ ಬಿಳಿ ಬೊಟ್ಟುಗಳು ಎದ್ದು ನಿಂತಿದ್ದವು. ಇದೇ ಕಾಯಿಲೆಯ ಒಬ್ಬಾತ ಮಾತ್ರೆ ಬಿಟ್ಟು ಆರು ವರ್ಷ ಚೆನ್ನಾಗಿಯೇ ಓಡಾಡಿಕೊಂಡಿದ್ದು, ಒಂದು ಸೋಮವಾರ ಆಸ್ಪತ್ರೆಗೆ ಬಂದವನು ಗುರುವಾರ ಇರಲಿಲ್ಲ.

ಅವಳು ಮಾವನ ಕಾಲ ಬಳಿ ಕೂತಳು.

“ಮಣ್ಣಲ್ಲಿರುವಾಗ ಈ ಜ್ವರದ ಹುಳಗಳು ಸಾಧು, ಮಾವ. ಕೊಲ್ಲೋ ವಿದ್ಯೆ ಅವುಗಳ ವಂಶವಾಹಿಯಲ್ಲಿ ಬರೆದೇ ಇರುತ್ತೆ, ಆದರೆ ಮುಚ್ಚಿಟ್ಟಿರ್ತಾವೆ. ನಮ್ಮ ಜೀವಕಣದ ಒಳಗೆ ನಮ್ಮನ್ನು ಕಾಯೋ ಒಂದು ಸತ್ವ ಇದೆ. ಅದರ ರುಚಿ ಹತ್ತಿದರೆ, ಒಳಗೆ ಬಂದ್ವಿ ಅಂತ ಅವಕ್ಕೆ ತಿಳಿಯುತ್ತೆ. ಆಯುಧ ಹೊರಗೆ ಬರುತ್ತೆ.”

“ಕಾಯೋದೇ ನಮ್ಮನ್ನ ತೋರಿಸ್ಕೊಡ್ತದಾ?” ಅಂದರು ಪುಟ್ಟರಾಜು.

“ಹೂಂ. ಇನ್ನೊಂದಿದೆ. ಒಂದೊಂದೂ ಒಂದು ರಸ ಬಿಡುತ್ತೆ, ಕತ್ತಲಲ್ಲಿ ಕೂಗು ಹಾಕಿದ ಹಾಗೆ. ಕೂಗು ದಟ್ಟವಾದರೆ, ನಾವು ಬೇಕಾದಷ್ಟು ಮಂದಿ ಆದ್ವಿ ಅಂತ ಲೆಕ್ಕ. ಅಲ್ಲಿವರೆಗೂ ಸುಮ್ಮನೆ ಕಾಯ್ತಾವೆ.”

“ಹುಳಕ್ಕೂ ಲೆಕ್ಕ ಬತ್ತದಾ?” ಅಕ್ಕಿ ಕೇರುತ್ತಿದ್ದ ಕಾಳಮ್ಮ ನಕ್ಕರು. “ನಿನ್ ಗಂಡ ಧರ್ಮೇಶಂಗೆ ಇಪ್ಪತ್ತರ ಮಗ್ಗಿ ಇವತ್ಗೂ ಬರಾಕಿಲ್ಲ.”

ಪುಟ್ಟರಾಜು ನಗಲಿಲ್ಲ. “ಈಗ ನನ್ನೊಳಗೆ ಎಷ್ಟವೆ?”

“ಕಮ್ಮಿ ಇರಬೇಕು ಮಾವ. ಅದಕ್ಕೇ ಸದ್ದಿಲ್ಲ.”

ಮೊರ ನಿಂತಿತು. ಹೊರಗೆ ನಾಲೆಯ ನೀರಿನ ಸಪ್ಪಳವೂ ದೂರ ಸರಿದಂತಾಯಿತು. ಪುಟ್ಟರಾಜು ಅಂಗೈಯನ್ನು ಎದೆಯ ಮೇಲಿಟ್ಟು, ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೇನೋ ಎಂಬಂತೆ ತಲೆ ವಾಲಿಸಿ ಬಹಳ ಹೊತ್ತು ಆಲಿಸಿದರು.

“ಹಂಗಾರೆ ಅಮ್ಮ ಹೋಗ್ನಿಲ್ವಾ?” ಕಾಳಮ್ಮನ ದನಿ ಇಳಿದಿತ್ತು.

“ಹೋಗಿದ್ದಾಳೆ ಅತ್ತೆ.” ಉಷಾ ದೇವರಗೂಡಿನ ಕಡೆ ನೋಡಿ ಕೈಮುಗಿದಳು. “ಅವಳ ಅಪ್ಪಣೆ ಇವಕ್ಕೆ ಕೇಳಿಸಿಲ್ಲ.”

ಪುಟ್ಟರಾಜು ಗೋಡೆ ಹಿಡಿದು ಎದ್ದರು. “ಹೊಸ್ತಿಲೊಳಗೆ ತಿನ್ನಾಕಿಲ್ಲ. ಅಮ್ಮಂಗೆ ಕೊಟ್ಟ ಮಾತು ಮಾತೇ. ಗಡಿಯಾಚೆ ನಿಂತು ತಿಂದ್ರೆ ಯಾರನ್ನೂ ಮನೇಗೆ ಕರ್ದಂಗಾಗಾಕಿಲ್ಲ. ನಡಿ.”

ಕಾಳಮ್ಮ ಚೊಂಬಿಗೆ ನೀರು ತುಂಬಿ ಸೊಸೆಯ ಕೈಗಿತ್ತರು.

ಅಂದಿನಿಂದ ಮೂರು ತಿಂಗಳು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಾವ ಸೊಸೆ ನಾಲೆಯ ಏರಿ ಹಿಡಿದು ಗಡಿಕಲ್ಲು ದಾಟುತ್ತಿದ್ದರು. ಒಂದು ಹೊತ್ತೂ ತಪ್ಪಲಿಲ್ಲ. ಮೊದಲ ದಿನ ದಾರಿಯಲ್ಲಿ ಅವಳು ಏನೋ ಹೇಳಲು ಬಾಯಿ ತೆರೆದಾಗ ಪುಟ್ಟರಾಜು ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗೆ ಕಣ್ ಮಗ. ಒಳಗಿರೋವು ಕೇಳ್ಕಂಡಾವು.”

ಅವಕ್ಕೆ ಕಿವಿಯಿಲ್ಲವೆಂದು ಉಷಾಗೆ ಗೊತ್ತು. ಆದರೂ ಅವಳು ಪಿಸುಮಾತಿನಲ್ಲೇ, “ಆಯ್ತು ಮಾವ,” ಅಂದಳು.