ಕಾಣದ ಹನ್ನೊಂದು ಸೆಕೆಂಡು

ಹೊಸ ರಾಡಾರಿನ ಪರೀಕ್ಷೆಗೆ ವಿಮಾನದ ಹತ್ತು ಹಾರಾಟ ಬೇಕೆಂದು ಎಂಜಿನಿಯರಮ್ಮ ಕೇಳಿದ್ದಳು, ಮಂಜೂರಾದದ್ದು ಒಂದು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಹಳೇ ಯಂತ್ರಗಳ ಹೊಟ್ಟೆ ಬಗೆದು ಬಿಡಿಭಾಗ ತೆಗೆದು, ನಾಲ್ಕು ವರ್ಷ ಹೇಗೋ ತೂಗಿಸಿಕೊಂಡು ಬಂದಿದ್ದಳು. ಗಡಿಠಾಣೆಯಲ್ಲಿ ಹಳೇ ರಾಡಾರಿನ ಮುಂದೆ ಕೂರುವ ಅವಳ ತಮ್ಮನಂತೂ ಹೊಸದಕ್ಕಾಗಿ ಬಾಯಿಬಾಯಿ ಬಿಡುತ್ತಿದ್ದ.

ಪರೀಕ್ಷೆಯ ಹಿಂದಿನ ದಿನ ನಿರ್ದೇಶಕರು ಅವಳನ್ನು ಕರೆದು ಬಾಗಿಲು ಮುಚ್ಚಿದರು.

"ನೋಡಮ್ಮ, ಪೈಲಟ್ ಇಲ್ಲದ ವಿಮಾನ ತಾನೆ, ಎತ್ತರದಲ್ಲಿ ನೆಟ್ಟಗೆ ಹಾರಿಸಿಬಿಡು. ಪರದೆ ಮೇಲೆ ಚುಕ್ಕೆ ಕಾಣುತ್ತೆ, ಸಮಿತಿಯವರು ತಲೆಯಾಡಿಸ್ತಾರೆ, ಮುಂದಿನ ವರ್ಷದ ದುಡ್ಡು ಬರುತ್ತೆ. ನಲವತ್ತು ಜನರ ಅನ್ನದ ಪ್ರಶ್ನೆ."

"ಶತ್ರು ನಮ್ಮ ಅನುಕೂಲ ಕೇಳ್ಕೊಂಡು ಬರ್ತಾನಾ ಸಾರ್? ಗುಡ್ಡದ ಮರೆಯಲ್ಲಿ, ತಗ್ಗಿನಲ್ಲೇ ಬರ್ತಾನೆ. ಇರೋದೊಂದು ಹಾರಾಟ. ಗೊತ್ತಿರೋದನ್ನೇ ಮತ್ತೆ ನೋಡೋಕೆ ಅದನ್ನ ಖರ್ಚು ಮಾಡಲ್ಲ."

ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಅವಳಿಗೂ ಹೆದರಿಕೆಯಿತ್ತು. ಆದರೆ ಹಠ ಬಿಡಲಿಲ್ಲ.

ಮರುದಿನ ವಿಮಾನ ತಗ್ಗಿನಲ್ಲೇ ಬಂತು. ಪರದೆಯ ಮೇಲೆ ಚುಕ್ಕೆ ಮೂಡಿತು, ಗುಡ್ಡದ ಸಾಲಿನ ಹತ್ತಿರ ಮಾಯವಾಯಿತು, ಹನ್ನೊಂದು ಸೆಕೆಂಡು ಕಳೆದ ಮೇಲೆ ಮತ್ತೆ ಕಂಡಿತು.

"ಗಾಳಿ ಸ್ವಲ್ಪ ಜೋರಿತ್ತು..." ಎಂದು ನಿರ್ದೇಶಕರು ರಾಗ ಎಳೆದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಗಾಳಿ ಅಲ್ಲ, ನಮ್ಮ ಯಂತ್ರ ಕುರುಡಾಯ್ತು," ಎಂದಳು ಅವಳು, ಸಮಿತಿಯ ಎದುರಿಗೇ. "ಹಾಗೇ ಬರ್ಕೊಳ್ಳಿ. ಸರಿ ಮಾಡೋಕೆ ಒಂದು ವರ್ಷ ಬೇಕು."

ಸಮಿತಿ ಬರೆದುಕೊಂಡಿತು. ವರ್ಷ ಕೊಟ್ಟಿತು, ಅನುದಾನವನ್ನು ಅರ್ಧ ಮಾಡಿತು. ಆದರೂ ಅಂದು ಸಂಜೆಯೇ ಆಂಟೆನಾ ಬಿಚ್ಚಿಸಿ ಮೇಜಿನ ಮೇಲೆ ಹರಡಿಕೊಂಡಳು.

ವಾರದೊಳಗೆ ಸುದ್ದಿ ಗಡಿ ಮುಟ್ಟಿತು. ತಮ್ಮ ಫೋನು ಮಾಡಿದ.

"ಏನಕ್ಕಾ, ಇನ್ನೂ ಒಂದು ವರ್ಷವಂತೆ? ಕೈಕೊಟ್ಟುಬಿಟ್ಟೆಯಲ್ಲ! ತಗ್ಗಿನಲ್ಲಿ ಬಂದದ್ದು ಈ ಹಳೇದಕ್ಕೆ ಕಾಣಲ್ಲ ಅಂತ ಗೊತ್ತಿದ್ದೂ..."

"ನಿನಗೂ ಗೊತ್ತಲ್ವಾ? ಅದಕ್ಕೇನು ಮಾಡಿದ್ದೀಯ?"

"ಗುಡ್ಡದ ಮೇಲೆ ಒಬ್ಬನ ಕೈಗೆ ದುರ್ಬೀನು ಕೊಟ್ಟು ಕೂರಿಸಿದ್ದೀನಿ."

"ನನ್ನ ಕುರುಡು ಯಂತ್ರ ಈಗಲೇ ಬಂದಿದ್ರೆ, ಅಕ್ಕ ಮಾಡಿದ್ದು ಅಂತ ನಂಬ್ಕೊಂಡು ನೀನು ಅವನನ್ನ ಕೆಳಗಿಳಿಸಿಬಿಡ್ತಿದ್ದೆ ಕಣೋ."

"ಅವನು ಅಲ್ಲೇ ಕೂತಿರ್ತಾನೆ," ಎಂದ ತಮ್ಮ. "ಫೋನ್ ಇಡು, ಕೆಲಸ ನೋಡ್ಕೋ."