ಮರಳುಗಾಡಿನ ಕ್ಯಾರವಾನ್ ಮತ್ತು ಒಂದು ತಟ್ಟೆ ಕೆಂಡ

ಗಂಡ ಹೆಂಡತಿ ಒಂದೇ ಊರಿನಲ್ಲಿದ್ದೂ ಒಂದೇ ಸೂರಿನ ಕೆಳಗೆ ಮಲಗಲಾಗದ ಸಂಕಟ ಕುವೈತಿನಲ್ಲಿರುವ ನಮ್ಮವರಿಗೆ ಹೊಸದಲ್ಲ. ಬಾಗಲಕೋಟೆ ಕಡೆಯ ಮಲಕಾಜಪ್ಪ ಮತ್ತು ಕಲ್ಲವ್ವನದೂ ಅದೇ ಕಥೆ. ಅವನು ಎ.ಸಿ. ಮೆಕ್ಯಾನಿಕ್. ಅಬ್ಬಾಸಿಯಾದಲ್ಲಿ ಏಳು ಜನ ಗಂಡಸರ ಜೊತೆ ಒಂದು ರೂಮಿನಲ್ಲಿ ವಾಸ. ಅವಳು ಮೈದಾನ್ ಹವಲ್ಲಿಯ ಒಂದು ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದಳು. ಮಲಗುವುದೂ ಅಲ್ಲೇ. ಮದುವೆಯಾಗಿ ಆರು ವರ್ಷ. ಒಟ್ಟಿಗಿದ್ದ ದಿನಗಳನ್ನೆಲ್ಲ ಕೂಡಿಸಿದರೆ ಐದು ತಿಂಗಳೂ ಆಗುತ್ತಿರಲಿಲ್ಲ.

ನಾನು ಲಿಜ್ಜಿ, ಉಡುಪಿ ಕಡೆಯವಳು. ಇಲ್ಲಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್. ನನ್ನ ಗಂಡ ಫ್ರೆಡ್ರಿಕ್ ಮತ್ತು ಮಲಕಾಜಪ್ಪ ಒಂದೇ ಕಂಪನಿ. ಹಾಗಾಗಿ ಪ್ರತಿ ಶುಕ್ರವಾರ ಈ ಗಂಡ ಹೆಂಡತಿ ಭೇಟಿಯಾಗುತ್ತಿದ್ದದ್ದು ನಮ್ಮ ಫ್ಲ್ಯಾಟಿನಲ್ಲಿ. ನನ್ನ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ ಪಿಸುಪಿಸು ಮಾತಾಡುತ್ತಿದ್ದರು. "ಸಾಕು ಮಾರಾಯ್ರೆ, ಇದು ಹದಿನೈದು ದಿನಕ್ಕೆ ಆಯ್ತು" ಎಂದರೂ ಏಳುತ್ತಿರಲಿಲ್ಲ. ಸಂಜೆ ಏಳಕ್ಕೆ ಅವಳ ಬಸ್ಸು. ಬಸ್ಸು ಹೋದ ಮೇಲೂ ಅವನು ಸ್ಟಾಪಿನಲ್ಲೇ ನಿಂತಿರುವುದು ನಮ್ಮ ಬಾಲ್ಕನಿಯಿಂದ ಕಾಣುತ್ತಿತ್ತು.

2013ರ ಜನವರಿಯಲ್ಲಿ ದೇವರು ಕಣ್ಣು ಬಿಟ್ಟ. ಚಳಿಗಾಲ ಬಂತೆಂದರೆ ಇಲ್ಲಿಯ ಕುಟುಂಬಗಳು ಮರಳುಗಾಡಿನಲ್ಲಿ ಡೇರೆ ಹಾಕುವುದು ನಿಮಗೆ ಗೊತ್ತೇ ಇದೆ. ಮಲಕಾಜಪ್ಪನ ಕಫೀಲ್, ಅಂದರೆ ಅವನಿಗೆ ವೀಸಾ ಕೊಟ್ಟ ಧಣಿ, ತನ್ನ ಡೇರೆಯ ಪಕ್ಕ ಗಾಲಿಗಳ ಮೇಲಿನ ಒಂದು ಕ್ಯಾರವಾನನ್ನೂ ನಿಲ್ಲಿಸಿದ್ದ. "ಈ ವಾರ ನಾವು ಬರುವುದಿಲ್ಲ, ಹೆಂಡತಿಯನ್ನು ಕರೆದುಕೊಂಡು ಹೋಗಿ ಇರು, ಕಾವಲೂ ಆದಂತಾಯಿತು" ಎಂದ. ಕಲ್ಲವ್ವನ ಮೇಡಂ ಕೂಡ ಗುರುವಾರ ಒಂದು ರಾತ್ರಿಗೆ ರಜೆ ಕೊಟ್ಟಳು. ಒಂದೇ ಒಂದು ರಾತ್ರಿ.

ಮಲಕಾಜಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಲ್ಲವ್ವನಿಗೆ ಚಳಿ ತಡೆಯುವುದಿಲ್ಲ, ಕೈಬೆರಳು ಸೆಟೆದುಕೊಳ್ಳುತ್ತವೆ. ಅವಳಿಗೆ ಚಳಿ ಎಂಬುದೇ ಗೊತ್ತಾಗಬಾರದೆಂದು ನಾಲ್ಕು ದಿನ ಡ್ಯೂಟಿ ಮುಗಿಸಿ ಅಲ್ಲಿಗೆ ಹೋಗಿ ತಯಾರಿ ಮಾಡಿದ. ಏನು ತಯಾರಿ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ನಾವೇ ಕಾರಿನಲ್ಲಿ ಅವರನ್ನು ಬಿಡಲು ಹೋದೆವು. ನಾಲ್ಕು ಗಂಟೆಗೇ ಗಾಳಿ ಮೈ ಕೊರೆಯುತ್ತಿತ್ತು. ಕ್ಯಾರವಾನಿನ ಬಾಗಿಲು ತೆರೆದು ಮಲಕಾಜಪ್ಪ ಹೊಸ ಮನೆ ತೋರಿಸುವವನ ಹಾಗೆ ಎದೆಯುಬ್ಬಿಸಿ ನಿಂತ. ಕಿಟಕಿಗಳ ಸುತ್ತ ಟೇಪು. ಗೋಡೆಯ ಜಾಲರಿಗಳ ಮೇಲೆ ಟೇಪು. ಚಾವಣಿಯ ಗಾಳಿಕಿಂಡಿಗೂ ರಟ್ಟು ಇಟ್ಟು ಟೇಪು! ಎ.ಸಿ. ಮೆಕ್ಯಾನಿಕನ ಕೈಕೆಲಸ ಅಲ್ಲವೇ, ಒಂದು ಸೂಜಿಮೊನೆಯಷ್ಟು ಸಂದು ಬಿಟ್ಟಿರಲಿಲ್ಲ. ಕಾರಿನಿಂದ ಇಳಿದ ಕೂಡಲೇ ಅವನು ಹೊರಗೆ ಕಬ್ಬಿಣದ ತಟ್ಟೆಯಲ್ಲಿ ಹೊತ್ತಿಸಿದ್ದ ಇದ್ದಿಲು ಆಗಲೇ ಕೆಂಪಾಗುತ್ತಿತ್ತು.

"ಎಂತದು ಇದು?" ಎಂದೆ.

"ಕೆಂಡ ಆದ ಮ್ಯಾಲ ಮಂಚದ ಕೆಳಗ ಇಡತೀನ್ರಿ ಅಕ್ಕಾರ. ಬೆಳಗ ಮುಂಜಾನಿ ತನಕಾ ಬೆಚ್ಚಗ."

"ಬೆಳಿಗ್ಗೆ ನೀವಿಬ್ಬರೂ ಏಳುವುದೇ ಇಲ್ಲ. ಗೊತ್ತುಂಟಾ?"

ಅವನು ನಕ್ಕ. "ನೀವು ನರ್ಸ್ ಮಂದಿ ಎಲ್ಲಾದಕ್ಕೂ ಹೆದರಸ್ತೀರಿ ಬಿಡ್ರಿ. ನಮ್ಮಕ್ಕ ಹಡದಾಗ ಬಾಣಂತಿ ಹೊರಸಿನ ಕೆಳಗ ದಿನಾ ಕೆಂಡ ಇಡತಿದ್ವಿ. ಹದಿನೈದು ದಿನದ ಕೂಸು ಇತ್ತು. ಏನಾತು? ಈಗ ಸಾಲಿಗೆ ಹೊಂಟೈತಿ."

"ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಅಂತ ಒಂದು ಗ್ಯಾಸ್ ಬರ್ತದೆ ಮಾರಾಯ್ರೆ."

"ಕೆಂಡ ನಿಗಿನಿಗಿ ಆತಂದ್ರ ಹೊಗಿ ಎಲ್ಲೀದ್ರಿ?"

"ಅದೇ ಅಪಾಯ! ಅದಕ್ಕೆ ಹೊಗೆ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ಸ್ವಲ್ಪ ತಲೆನೋವು, ತಲೆ ತಿರುಗುವುದು, ಆಮೇಲೆ ಒಳ್ಳೆ ನಿದ್ದೆ. ಹೋದ ವರ್ಷ ಇದೇ ತಿಂಗಳು ನಮ್ಮಲ್ಲಿಗೆ ಇಬ್ಬರನ್ನು ತಂದಿದ್ರು. ಡೇರೆಯೊಳಗೆ ಕೆಂಡ ಇಟ್ಟು ಮಲಗಿದವರು. ಎಬ್ಬಿಸಿದ್ರೆ ಏಳ್ತಾರೆ ಅನ್ನುವ ಹಾಗೆ ಕಾಣ್ತಿದ್ರು. ಏಳಲಿಲ್ಲ."

ಮಲಕಾಜಪ್ಪನ ಮುಖ ಬಿಗಿಯಿತು. "ನಿಮಗೇನ್ರಿ ಅಕ್ಕಾರ. ನೀವು ದಿನಾ ಒಂದ ಮನ್ಯಾಗ ಮಲಗತೀರಿ. ನನಗ ಸಿಕ್ಕಿದ್ದು ಇದೊಂದ ರಾತ್ರಿ. ಆಕಿ ನಡಗಕೋತ ಕುಂಡ್ರಬೇಕೇನ್ರಿ?"

ಫ್ರೆಡ್ರಿಕ್ ಮರಳು ನೋಡುತ್ತ ನಿಂತ. ಆ ಮಾತು ಸುಳ್ಳಾಗಿರಲಿಲ್ಲ.

ಕಲ್ಲವ್ವ ಒಳಗೆ ಹೋಗಿ ಚಾವಣಿ ನೋಡಿದಳು. "ಏನ್ರಿ, ನಿಮ್ಮಕ್ಕನ ಖೋಲ್ಯಾಗ ಬೆಳಕಿಂಡಿ ಇತ್ತಲ್ರಿ?"

"ಇತ್ತು."

"ಮಳಿ ಬಂದಾಗ ನಾ ಅದನ್ನ ಮುಚ್ಚಾಕ ಹೋದ್ರ ಅತ್ತಿ ಬೈದಿದ್ರು. ಕೆಂಡ ಐತಿ, ಕೂಸಿನ ಉಸರ ಕಟ್ಟತೈತಿ ಅಂದಿದ್ರು. ಬಾಗಲದಾಗೂ ಸಂದಿ ಇದ್ದವು. ಇಲ್ಲಿ ನೀವು ಎಲ್ಲಾ ಮುಚ್ಚೀರಿ."

ನನಗೆ ಹೇಳಲು ಹೊಳೆಯದ ಮಾತನ್ನು ಅವಳು ಹೇಳಿದ್ದಳು. ಮಲಕಾಜಪ್ಪ ತಲೆ ಕೆರೆದುಕೊಂಡ. ಆದರೂ ಆಸೆ ಬಿಡಬೇಕಲ್ಲ! "ಹಂಗಾರ ಕಿಡಕಿ ಒಂದೀಟು ತಗದು ಕೆಂಡ ಇಡೂಣು."

"ಬೇಡ," ಎಂದೆ. "ಕಿಟಕಿ ತೆಗೆದರೂ ಬೇಡ. ಇದು ಮಣ್ಣಿನ ಮನೆ ಅಲ್ಲ, ತಗಡಿನ ಡಬ್ಬ. ಊರಲ್ಲಿಯೂ ಅದು ಒಳ್ಳೆ ಪದ್ಧತಿ ಅಲ್ಲ. ನಿಮ್ಮ ಅದೃಷ್ಟಕ್ಕೆ ಬೆಳಕಿಂಡಿ ಕಾಪಾಡಿತು ಅಷ್ಟೇ."

ಕಲ್ಲವ್ವ ಮಂಚ ಹತ್ತಿ ನಿಂತಳು. ಗಾಳಿಕಿಂಡಿಯ ಟೇಪನ್ನು ಉಗುರಿನಿಂದ ಕಿತ್ತಳು. ನಮ್ಮೆದುರು ಗಂಡನೊಡನೆ ಜೋರಾಗಿ ಮಾತಾಡದವಳು ಅಂದು ಆಡಿದಳು. "ನಾ ಬೆಚ್ಚಗ ಮಲಗಾಕ ಬಂದಿಲ್ರಿ. ಮೇಡಂ ಮನ್ಯಾಗ ಹೀಟರ್ ಐತಿ. ನಾಳಿ ಮುಂಜಾನಿ ಎದ್ದಕೂಡ್ಲೆ ನಿಮ್ಮ ಮಾರಿ ನೋಡಾಕ ಬಂದೀನಿ."

ಮಲಕಾಜಪ್ಪ ಹೊರಗೆ ಹೋಗಿ ಕೆಂಡದ ಮೇಲೆ ಕೊಡ ನೀರು ಸುರಿದ. ಚುಯ್ ಎಂದಿತು. ಅವನು ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದ ಹಾಗೆ ಮಾಡಿದೆ.

ಆಮೇಲೆ ನಾಲ್ವರೂ ಸೊಂಟ ಕಟ್ಟಿದೆವು. ಜನರೇಟರ್ ಬಾಗಿಲ ಬಳಿಯೇ ಇತ್ತು. ಅದರ ಹೊಗೆಯೂ ಅದೇ ವಿಷ. ಫ್ರೆಡ್ರಿಕ್ ಅದನ್ನು ಇಪ್ಪತ್ತು ಹೆಜ್ಜೆ ಆಚೆ, ಗಾಳಿ ಹೊಗೆಯನ್ನು ದೂರ ಒಯ್ಯುವ ಕಡೆಗೆ ಎಳೆದಿಟ್ಟ. ಜಾಲರಿಗಳ ಟೇಪೆಲ್ಲ ಕಿತ್ತೆವು. ಗಾಲಿಗಳ ಸುತ್ತ ತಾಡಪಾಲು ಕಟ್ಟಿ ಅಂಚಿಗೆ ಮರಳು ಒತ್ತಿದೆವು. ಕೆಳಗಿನಿಂದ ನುಗ್ಗುವ ಗಾಳಿ ನಿಂತಿತು. ಡೇರೆಯ ದಪ್ಪ ಜಮಖಾನೆ ನೆಲಕ್ಕೆ ಹಾಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟೆವು. ಕಲ್ಲವ್ವನಿಗೆ ಚಳಿ ಆಗದೆಂದು ನಮ್ಮ ಮನೆಯ ಎಣ್ಣೆ ತುಂಬಿದ ಕರೆಂಟಿನ ಹೀಟರನ್ನೂ ಬಿಸಿನೀರಿನ ಚೀಲವನ್ನೂ ನಾನು ಡಿಕ್ಕಿಯಲ್ಲಿ ತಂದಿದ್ದೆ, ವಾದದ ಭರದಲ್ಲಿ ಮರೆತೇಹೋಗಿತ್ತು. "ಮಲಗುವ ಮುಂಚೆ ಎರಡು ಗಂಟೆ ಹಾಕಿ, ಬಟ್ಟೆ ಕಂಬಳಿ ತಾಗಿಸಬೇಡಿ. ಆಮೇಲೆ ಹೀಟರ್, ಜನರೇಟರ್ ಎರಡೂ ಖಲಾಸ್, ಬಂದ್ ಮಾಡಿ. ಕಂಬಳಿ ಮೇಲೆ ಹೊದ್ದಷ್ಟೇ ಕೆಳಗೂ ಹಾಸಿ. ಕಾಲುಚೀಲ, ಉಲ್ಲನ್ ಟೊಪ್ಪಿ ಹಾಕಿ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಕಾಲಿನ ಹತ್ತಿರ ಇಟ್ಟುಕೊಳ್ಳಿ" ಎಂದೆ. ನನ್ನ ಭಾಷಣ ಮುಗಿಯುವುದಿಲ್ಲವೆಂದು ಫ್ರೆಡ್ರಿಕ್ ಕಾರು ಸ್ಟಾರ್ಟ್ ಮಾಡಿದ.

ಅಂದು ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮಲಕಾಜಪ್ಪ ಎಲ್ಲಾದರೂ ಮತ್ತೆ ಇದ್ದಿಲು ಹೊತ್ತಿಸಿದರೆ? ಆಸೆ ಮನುಷ್ಯನಿಂದ ಏನು ಬೇಕಾದರೂ ಮಾಡಿಸುತ್ತದೆ. ಬೆಳಿಗ್ಗೆ ಆರೂವರೆಗೆ ನಾನೇ ಫೋನ್ ಮಾಡಿದೆ. ಮೂರು ಸಲ ರಿಂಗಾಯಿತು.

"ಅಕ್ಕಾರ," ಕಲ್ಲವ್ವನ ದನಿ ಬಹಳ ಮೆಲ್ಲಗಿತ್ತು.

"ಚಳಿ ಆಯ್ತಾ?"

"ಮೂಗು ತಣ್ಣಗಾಗಿತ್ತು. ಅಷ್ಟ ರೀ."

"ಮತ್ತೆ ಯಾಕೆ ಇಷ್ಟು ಸಣ್ಣ ದನಿ? ಅವರೆಲ್ಲಿ?"

"ಇನ್ನೂ ಮಲಗ್ಯಾರ. ಗೊರಕಿ ಹೊಡಿಯಾಕತ್ಯಾರ. ನಾ ಆವಾಗಿಂದ ನೋಡಕೋತ ಕುಂತೀನಿ. ಎಬ್ಬಸಬ್ಯಾಡ್ರಿ, ಸಂಜಿ ತನಕಾ ನಮ್ಮದ ಐತಿ."

ನಾನು ಫೋನಿಟ್ಟೆ. ಪಕ್ಕದಲ್ಲಿ ಫ್ರೆಡ್ರಿಕ್ ಕೂಡ ಗೊರಕೆ ಹೊಡೆಯುತ್ತಿದ್ದ. ಇಷ್ಟು ವರ್ಷ ಆ ಗೊರಕೆಗೆ ನಾನು ಬೈದದ್ದೇ ಬೈದದ್ದು. ಅಂದು ಬೈಯಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಈ ಚಳಿಗಾಲದಲ್ಲಿ ನೀವು ಮರಳುಗಾಡಿಗೆ ಹೋಗಿ, ಸಂತೋಷವಾಗಿರಿ. ಆದರೆ ಕ್ಯಾರವಾನ್, ಡೇರೆ, ಕಾವಲುಗಾರನ ಕೋಣೆ ಯಾವುದೇ ಇರಲಿ, ಕೆಂಡವನ್ನು ಒಳಗೆ ತರಬೇಡಿ. ಗ್ಯಾಸ್ ಒಲೆಯಿಂದ ಮೈ ಕಾಯಿಸಬೇಡಿ. ಗಾಳಿಕಿಂಡಿ ಮುಚ್ಚಬೇಡಿ. ಕಾರ್ಬನ್ ಮೋನಾಕ್ಸೈಡ್ ಹಿಡಿದು ಕೂಗುವ ಪುಟ್ಟ ಅಲಾರಾಂ ಒಂದನ್ನು ತಂದಿಟ್ಟುಕೊಳ್ಳಿ. ತಲೆನೋವು, ವಾಂತಿ, ಮಂಪರು ಕಂಡರೆ ಎಲ್ಲರೂ ತಕ್ಷಣ ಹೊರಗಿನ ಗಾಳಿಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಸ್ವಲ್ಪ ಚಳಿಯಾದರೆ ಆಗಲಿ. ಚಳಿಗೆ ಇನ್ನೊಂದು ಕಂಬಳಿ ಸಿಗುತ್ತದೆ. ನಿಮ್ಮ ಮುಖ ನೋಡಲು ಕಾದಿರುವವರಿಗೆ ಇನ್ನೊಬ್ಬರು ನೀವು ಸಿಗುವುದಿಲ್ಲ.