ಓದೋರ ಕುರ್ಚಿ

"ಫೋಟೋ ತಗಿ ಅಲ್ಲಿಂದ" ಎಂದಳು ಸೂಗಮ್ಮ.

ಕುರ್ಚಿಯ ಮೇಲೆ ಅಪ್ಪನ ಫೋಟೋ ಇಟ್ಟು ಹಾರ ಸರಿಪಡಿಸುತ್ತಿದ್ದ ಗೌತಮನ ಕೈ ಅಲ್ಲೇ ನಿಂತಿತು. ಅಪ್ಪ ಯಂಕೋಬ ತೀರಿಹೋಗಿ ಅಂದಿಗೆ ಒಂದು ವರ್ಷ. ಬುದ್ಧ ವಂದನೆ ಮುಗಿದಿತ್ತು. ಓಣಿಯ ಜನ, ಮಸರಕಲ್ಲಿನಿಂದ ಬಂದ ನೆಂಟರು ನಡುಮನೆಯ ತುಂಬ ಚಾಪೆ ಹಾಸಿಕೊಂಡು ಕುಳಿತಿದ್ದರು. ಅಕ್ಕಿ ಗಿರಣಿಯ ಹಳೆಯ ಗುಮಾಸ್ತ ಶಾಕಿರ್ ಸಾಹೇಬರಿಗೆ ಮಾತ್ರ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು.

"ಯಾಕಬೇ ಯವ್ವಾ? ಅಪ್ಪಂದ ಕುರ್ಚಿ ಅಲ್ಲೇನು?"

"ನಿಮ್ಮಪ್ಪ ಒಂದಿನಾನರ ಇದರ ಮ್ಯಾಲ ಕುಂತಾನೇನು? ನೆಲದ ಮ್ಯಾಲ ಇಡು. ಅವನ ಜಾಗ ಅದು."

ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಹತ್ತು ಮಂದಿಗೆ ಕೆಲಸ ಹೇಳುವ ಗೌತಮ ಫೋಟೋ ಎತ್ತಿ ಬಾಗಿಲ ಬದಿಯ ಗೋಡೆಗೊರಗಿಸಿ ನೆಲದ ಮೇಲಿಟ್ಟ.

ಆ ಕುರ್ಚಿ ಮೊದಲು ಶಾಕಿರ್ ಸಾಹೇಬರದು. ಅದರ ಮುಂದೆ ಹಮಾಲ ಯಂಕೋಬ ಹನ್ನೆರಡು ವರ್ಷ ನಿಂತು ಹಾಜರಿ ಹಾಕಿಸಿದ್ದ. ಕಾಲು ಮುರಿಯಿತೆಂದು ಅದನ್ನು ಗಿರಣಿಯವರು ಹೊರಗೆ ಎಸೆದ ದಿನ ಕೇಳಿ ಪಡೆದು, ತಲೆಯ ಮೇಲೆ ಹೊತ್ತು, ಓಣಿಗೆಲ್ಲ ಕಾಣುವ ಹಾಗೆ ಸುತ್ತುಹಾದಿ ಹಿಡಿದು ಮನೆಗೆ ತಂದ. ಜಾಲಿ ಕಟ್ಟಿಗೆಯ ಕಾಲು ಕೂಡಿಸಿದ. ಆಮೇಲೆ ಮನೆಗೊಂದು ಕಾನೂನು ಮಾಡಿದ: ಓದುವವರು ಕುರ್ಚಿಯ ಮೇಲೆ, ಕೇಳುವವರು ನೆಲದ ಮೇಲೆ. ದಿನವಿಡೀ ಚೀಲ ಹೊತ್ತು ಬಂದವನು ಗೋಡೆಗೊರಗಿ ಕುಳಿತು ಮಕ್ಕಳ ಪಾಠ ಕೇಳುತ್ತಿದ್ದ. ತಿಳಿದದ್ದು ಎಷ್ಟೋ, ತಲೆ ಮಾತ್ರ ಭಾರಿ ಪಂಡಿತನ ಹಾಗೆ ತೂಗುತ್ತಿದ್ದ.

ಹೆಂಡತಿಯನ್ನೂ ಬಿಟ್ಟಿರಲಿಲ್ಲ. "ಒಂದ್ಸಲ ನೀನೂ ಕುಂದ್ರು ಸೂಗಿ. ನಿನ್ನ ಬಾಯಿಂದ ಒಂದು ಸಾಲು ಕೇಳಬೇಕು ನಾನು."

"ಓದಾಕ ಬರ್ಲಾರ್ದಾಕಿ ಕುಂತ್ರ ಕುರ್ಚಿನ ನಗತದ" ಎಂದು ಆಕೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ಅವನು ಹೋದ ಮೇಲೆ ಆ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಗುಂಡಿ ಹಚ್ಚಿಕೊಡುವ ನೆಪ ಹೇಳಿ ದಿನಾ ಮಧ್ಯಾಹ್ನ ಎದುರುಮನೆಯ ಟೇಲರ್ ವಾಹಿದಾಳ ಬಳಿ ಹೋಗಿ ಅಕ್ಷರ ಕಲಿತಳು. ಮನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ.

ಮಗಳು ವಿಶಾಖಾ ಕಾಗದ ಹಿಡಿದು ಎದ್ದಳು. ಮಾನ್ವಿಯ ಸರಕಾರಿ ಕಾಲೇಜಿಗೆ ಉಪನ್ಯಾಸಕಿಯಾದ ಆದೇಶ ನಿನ್ನೆ ಕೈಸೇರಿತ್ತು. ಇಂಥ ಕಾಗದ ಬಂದರೆ ಕುರ್ಚಿಯಲ್ಲಿ ಕುಳಿತು ಅಪ್ಪನಿಗೆ ಓದಿ ಹೇಳುವುದು ಮನೆಯ ರೂಢಿ.

"ಇಲ್ಲಿ ಕೊಡು. ನಾ ಓದ್ತೀನಿ."

"ಯವ್ವಾ, ನೀನು..."

ಸೂಗಮ್ಮ ಆಗಲೇ ಕುಳಿತುಬಿಟ್ಟಿದ್ದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಕೆ ಕಾಗದ ಇಸಿದುಕೊಂಡು ತೊಡೆಯ ಮೇಲೆ ಬಿಡಿಸಿಟ್ಟಳು. ಇಷ್ಟು ಜನರ ಮುಂದೆ ತಪ್ಪಿದರೆ, ಅವನ ಫೋಟೋದ ಮುಂದೆಯೇ ತಪ್ಪಿದ ಹಾಗೆ. ಹೊಸ್ತಿಲ ಬಳಿ ನಿಂತ ವಾಹಿದಾ ಉಸಿರು ಬಿಗಿ ಹಿಡಿದಿದ್ದಳು.

"ನೇ... ಮ... ಕಾ... ತಿ. ನೇಮಕಾತಿ ಆ... ದೇಶ." ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಅ..." ಮುಂದಿನದು ಒತ್ತಕ್ಷರ. ಅದರ ಮುಂದೆ ಒಂದು ಅರ್ಕಾವೊತ್ತು ಬೇರೆ. ನೆರವಾಗಲು ಬಾಯಿ ತೆರೆದ ವಿಶಾಖಾಳನ್ನು ಆಕೆ ಅಂಗೈ ಎತ್ತಿ ತಡೆದಳು. "ಅ... ಭ್ಯ... ಅಭ್ಯರ್ಥಿಯ ಹೆಸರು. ವಿಶಾಖಾ."

ಅದರ ಮುಂದಿನದಕ್ಕೆ ಅಕ್ಷರ ಕೂಡಿಸಬೇಕಾಗಲಿಲ್ಲ. ಒಂದು ವರ್ಷ ಪಾಟಿಯ ಮೇಲೆ ಬರೆದು ಬರೆದು ಅಳಿಸಿದ ಹೆಸರು ಅದು.

"ತಂದೆ, ಯಂಕೋಬ."

ದನಿ ಓಣಿಯ ತನಕ ಕೇಳಿಸಿತು. ಗೆದ್ದೆ ಅನ್ನಿಸಿ ಸೂಗಮ್ಮನ ಕಣ್ಣು ತುಂಬಿ ಬಂದವು. ಅಕ್ಷರಗಳೆಲ್ಲ ಕಲಸಿಹೋದವು. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟಿತು. ಶಾಕಿರ್ ಸಾಹೇಬರು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿಯುತ್ತಿದ್ದರು.

"ಬ್ಯಾಡ್ರಿ ಸಾಹೇಬ್ರ, ಮೊಣಕಾಲು ನೋಯ್ತಾವ" ಎಂದು ಗೌತಮ ಓಡಿದ.

"ಇರಲಿ ಬಿಡಪಾ. ನಿಮ್ಮವ್ವ ಓದಾಕತ್ತಾಳ."

ಅವರು ಯಂಕೋಬನ ಫೋಟೋದ ಪಕ್ಕದಲ್ಲಿ ಗೋಡೆಗೊರಗಿ ಕುಳಿತು ಕಾಲು ಚಾಚಿದರು. ಸೂಗಮ್ಮನ ಬೆರಳು ಮುಂದಿನ ಸಾಲಿಗೆ ಹೋಯಿತು.